ಷರಾ ಸಾಹೇಬರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀ ಷರಾ ಅವರು,
ಎಲ್ಲ ನಮೂನೆಗಳ ಕೊನೆಯ ಕಾಲಂ, ಬಲತುದಿ.

ವಿಷಯ: ಮಾರ್ಚ್ ತಿಂಗಳ ವರದಿ ವಾರದಲ್ಲೂ ಮಕ್ಕಳು ಕಲಿಕೆ ನಿಲ್ಲಿಸದಿರುವ ಬಗ್ಗೆ ದೂರು.

ಮಾನ್ಯರೇ,

ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಿಂದ ಬರೆಯುತ್ತಿದ್ದೇನೆ. ಮಾರ್ಚ್ ಬಂತೆಂದರೆ ಹೊರಗೆ ಹೊಂಗೆ ಚಿಗುರುತ್ತದೆ, ಒಳಗೆ ನಮೂನೆಗಳು ಚಿಗುರುತ್ತವೆ. ಮೌಲ್ಯಾಂಕನದ ಅಂಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಶೌಚಾಲಯದ ಫೋಟೊ, ಎಸ್‌ಡಿಎಂಸಿ ನಡಾವಳಿ. ಎಲ್ಲವೂ ‘ಇಂದು ಸಂಜೆ 4ರೊಳಗೆ’. ಇಂಥ ಪುಣ್ಯಕಾಲದಲ್ಲಿ ಮಕ್ಕಳು ತೆಪ್ಪಗೆ ಕೂತು ಸಹಕರಿಸಬೇಕಿತ್ತು. ಬದಲಿಗೆ ಕಲಿತರು; ಅದೂ ಯಾವ ಕಾಲಮಿಗೂ ಒಗ್ಗದಂತೆ. ಗತ್ಯಂತರವಿಲ್ಲದೆ ತಮ್ಮಲ್ಲಿಗೆ ಬಂದಿದ್ದೇನೆ.

ಸೋಮವಾರವೇ ತಕರಾರು ಶುರುವಾಯಿತು. ಸಂಕ್ರಾಂತಿಯಿಂದ ಒತ್ತಕ್ಷರದ ಮೈಲಿಗಲ್ಲಿನಲ್ಲೇ ನಿಂತಿದ್ದ ಎರಡನೇ ತರಗತಿಯ ಹುಡುಗಿ, ರಸ್ತೆಯ ಕೈಮರದಲ್ಲಿ ‘ಹೆಗ್ಗಡದೇವನಕೋಟೆ’ ಓದಿಬಿಟ್ಟೆನೆಂದು ಓಡುತ್ತ ಬಂದಳು. ಓದಿದ ಊರಾದರೂ ಎಂಥದ್ದು! 1995ರಲ್ಲಿ ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿಬಂದ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭಿಸಿದ್ದು ಆ ತಾಲ್ಲೂಕಿನಲ್ಲೇ. ಪಠ್ಯವನ್ನು ಕಾರ್ಡುಗಳಾಗಿ ಬಿಡಿಸಿ, ಏಣಿಯಂತೆ ಜೋಡಿಸಿ, ಪ್ರತಿ ಮಗು ತನ್ನ ವೇಗದಲ್ಲಿ ಹತ್ತಲಿ ಎಂದರು. ವಾರಗಟ್ಟಲೆ ಗೈರಾದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 2009-10ರಲ್ಲಿ ಈ ಏಣಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಹಿಂದೆಯೇ ನಮೂನೆಯೂ ಬಂತು: ಇಷ್ಟನೇ ತಾರೀಖಿಗೆ ಎಷ್ಟು ಮಕ್ಕಳು ಎಲ್ಲಿರಬೇಕು? ಹುಡುಗಿ ಕೈಮರ ಓದಿದ್ದು ತಾರೀಖು ದಾಟಿದ ಮೇಲೆ. ಆ ವರದಿಯಲ್ಲಿ ಅವಳಿನ್ನೂ ‘ಇಲ್ಲ’.

ಮಂಗಳವಾರ ಇನ್ನೂ ಗಂಭೀರ. ಹುಡುಗನೊಬ್ಬ 42ರಲ್ಲಿ 17 ಕಳೆದು 35 ಬರೆದ. ಎರಡರಲ್ಲಿ ಏಳು ಹೋಗುವುದಿಲ್ಲವೆಂದು, ಜಾಣನಾಗಿ ಏಳರಲ್ಲೇ ಎರಡು ಕಳೆದಿದ್ದ. ನಾನು ಬೋರ್ಡಿನ ಮೇಲೆ ದಶಕ ತೆಗೆದುಕೊಳ್ಳುವುದನ್ನು ಎಷ್ಟು ತೋರಿಸಿದರೂ ತಲೆಯಾಡಿಸಿ ಮತ್ತೆ 35 ಬರೆಯುತ್ತಿದ್ದ. ಅಷ್ಟರಲ್ಲಿ ‘ತುರ್ತು’ ಮಾಹಿತಿ ಕೇಳಿ ಫೋನ್ ಬಂತು, ವರಾಂಡಕ್ಕೆ ಹೋದೆ. ವಾಪಸು ಬರುವಷ್ಟರಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ಕಡ್ಡಿಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿಟ್ಟು, “ಕಟ್ಟು ಬಿಚ್ಚೋ, ಹನ್ನೆರಡು ಆಯ್ತದೆ, ಆಮೇಲೆ ಏಳು ತಗಿ” ಎನ್ನುತ್ತಿದ್ದಳು. ಬಂದದ್ದು 25. ‘ಬೋಧಿಸಿದವರ ಹೆಸರು, ಕೆಜಿಐಡಿ ಸಂಖ್ಯೆ’ ಎಂಬಲ್ಲಿ ನನ್ನದನ್ನೇ ಬರೆದಿದ್ದೇನೆ. ಅವಳಿಗಿನ್ನೂ ನೇಮಕಾತಿ ಆದೇಶವಾಗಿಲ್ಲ.

ಬುಧವಾರ ಎಲೆ ಗುರುತಿಸುವ ಪಾಠಕ್ಕೆಂದು ಹೊಂಗೆಯ ಕೆಳಗೆ ಕೂರಿಸಿದೆ. “ಮಿಸ್, ಮಳೇನೇ ಬಂದಿಲ್ವಲ್ಲ, ಈ ಚಿಗುರಿಗೆ ನೀರು ಯಾರ್ ಕೊಟ್ರು?” ಎಂದು ಪ್ರಶ್ನೆ ಬಿತ್ತು. ಒಣಗಾಲದಲ್ಲಿ ಹಳೆಯ ಎಲೆ ಉದುರಿಸಿ ಮರ ನೀರು ಉಳಿಸುತ್ತದೆ, ಬೇರು ಆಳದ ತೇವ ಎಳೆಯುತ್ತದೆ ಎಂದೆ. “ಅಂಗಾದ್ರೆ ನಮ್ಮ ಬೋರ್‌ವೆಲ್ ಒಣಗಿದ್ದು ಮರ ಕುಡೀತಾ, ಗದ್ದೆಯವರು ಕುಡಿದ್ರಾ?” ಎಂದ ಇನ್ನೊಬ್ಬ. ಅರ್ಧ ತಾಸು ವಾಗ್ವಾದ ನಡೆಯಿತು. ಎಲೆ ಗುರುತಿಸುವುದು ಬಾಕಿ ಉಳಿಯಿತು. ನಮೂನೆಯ ಪ್ರಕಾರ ಅಂದು ಪಾಠ ನಡೆದಿಲ್ಲ.

ಗುರುವಾರ, ಶುಕ್ರವಾರ ನಾನು ಪೂರ್ತಿ ತಮ್ಮ ಬಳಗದ ಸೇವೆಯಲ್ಲಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಕೇಳುತ್ತದೆ. ಫೋಟೊ ಅಪ್‌ಲೋಡ್ ಆಗುವವರೆಗೆ ಮೊಬೈಲನ್ನು ಕಿಟಕಿಯ ಸರಳಿಗೆ ಹಿಡಿದು ನಿಂತ ಗಂಟೆಗಳೂ ಇದರಲ್ಲಿ ಜಮಾ ಎಂದುಕೊಂಡಿದ್ದೇನೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯ್ದೆಯ 27ನೇ ಕಲಂ ಹೇಳುತ್ತದೆ. ನಮೂನೆ ತುಂಬುವುದು ಶಿಕ್ಷಣದ ಬಗ್ಗೆಯೇ ಆದ್ದರಿಂದ ಕಾಯ್ದೆಗೇನೂ ಭಂಗವಿಲ್ಲ.

ಸಾಹೇಬರೇ, ಲೆಕ್ಕ ಕೊಡುವುದಕ್ಕೆ ನನ್ನ ತಕರಾರಿಲ್ಲ. ಮೊಟ್ಟೆಯ ಲೆಕ್ಕ ಬೇಕೇ ಬೇಕು. ಮಗುವಿನ ತಟ್ಟೆಗೆ ಬಂದಿದೆಯೋ ಇಲ್ಲವೋ ಅದರಿಂದಲೇ ಗೊತ್ತಾಗುವುದು. ಆದರೆ ಜೂನ್‌ನಲ್ಲಿ ಈ ಹುಡುಗನನ್ನು ಕೂರಿಸಿಕೊಳ್ಳುವವರಿಗೆ ‘ವ್ಯವಕಲನ: ಹೌದು’ ಎಂಬುದರಿಂದ ಏನು ತಿಳಿದೀತು? ಅವರಿಗೆ ಬೇಕಾದದ್ದು ಇಷ್ಟು: “ದೊಡ್ಡದರಲ್ಲಿ ಚಿಕ್ಕದನ್ನೇ ಕಳೆಯುವ ಅಭ್ಯಾಸವಿದೆ. ಕಡ್ಡಿಕಟ್ಟು ಕೊಡಿ. ಆ ಹುಡುಗಿಯ ಪಕ್ಕ ಕೂರಿಸಿ.” ಇದನ್ನು ಬರೆಯಲು ಇಡೀ ಹಾಳೆಯಲ್ಲಿ ಇರುವ ಜಾಗ ತಮ್ಮದೊಂದೇ. ಅದೂ ಹೆಬ್ಬೆರಳಗಲ. ಅಲ್ಲಿಯೂ ‘ಇಲ್ಲ’ ಎಂದು ಬರೆದರಷ್ಟೇ ವರದಿ ಮರಳಿ ಬರುವುದಿಲ್ಲವೆಂದು ಹಿರಿಯರು ಕಲಿಸಿಕೊಟ್ಟಿದ್ದಾರೆ. ಈ ಶನಿವಾರವೂ ಹಾಗೆಯೇ ಬರೆದು ಕಳಿಸಿದ್ದೇನೆ.

ಮುಂದಿನ ಸಾಲಿನ ನಮೂನೆ ಅಚ್ಚಾಗುವಾಗ ತಾವು ಎರಡು ಬೆರಳು ಅಗಲವಾಗಿ ಕೂರಬೇಕೆಂದು ವಿನಂತಿ. ಪಕ್ಕದ ‘ಹೌದು’, ‘ಇಲ್ಲ’ಗಳು ಕೊಂಚ ಒತ್ತರಿಸಿಕೊಂಡರೆ ಯಾರ ಕಲಿಕೆಯೂ ನಿಲ್ಲುವುದಿಲ್ಲ.

ತಮ್ಮ ವಿಶ್ವಾಸಿ,
ನಲಿ-ಕಲಿ ಮಿಸ್

ವಿ.ಸೂ.: ಪತ್ರ ತಲುಪಿದ್ದಕ್ಕೆ ಸ್ವೀಕೃತಿ ಕಳಿಸಬೇಡಿ. ಅದಕ್ಕೂ ಒಂದು ನಮೂನೆ ಹುಟ್ಟೀತು.