ವೀಸಾ ಮೇಷ್ಟ್ರು

ಪಾಂಡವಪುರದ ಐದು ದೀಪದ ವೃತ್ತದಿಂದ ಕೂಗಳತೆಯಲ್ಲಿ, ಹಳೆಯ ಕಾಲದ ಜಗುಲಿಯ ಮನೆಯೊಂದರಲ್ಲಿ ವಾಸವಾಗಿರುವ ಈ ಮಹನೀಯರನ್ನು ತಂದೆತಾಯಿಗಳಿಟ್ಟ ಹೆಸರಿನಿಂದ ಕರೆಯುವುದನ್ನು ಊರವರು ಬಿಟ್ಟು ಬಹುಕಾಲವಾಯಿತು. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಅವರು ಈಗ ನಾಲ್ಕು ತಾಲ್ಲೂಕುಗಳಿಗೂ ವೀಸಾ ಮೇಷ್ಟ್ರು. ಈ ವರ್ಗದ ಪುರುಷರು ನಮ್ಮ ಸೀಮೆಯ ಯಾವ ಪಟ್ಟಣದಲ್ಲಿಯೂ ದುರ್ಲಭರಲ್ಲ, ಕೆ.ಆರ್.ಪೇಟೆಯಲ್ಲಿ ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರಾಗಿಯೂ, ನಾಗಮಂಗಲದಲ್ಲಿ ಮಾಜಿ ಶಿರಸ್ತೇದಾರರಾಗಿಯೂ, ಶ್ರೀರಂಗಪಟ್ಟಣದಲ್ಲಿ ಇಬ್ಬರು ಗಂಡುಮಕ್ಕಳನ್ನು ಕ್ಯಾಲಿಫೋರ್ನಿಯಕ್ಕೆ ಧಾರೆಯೆರೆದ ಅರ್ಚಕರಾಗಿಯೂ ಅವತರಿಸುವುದುಂಟು. ಆದರೆ ಶಾಸ್ತ್ರದ ಆಳದಲ್ಲಿ ನಮ್ಮ ಮೇಷ್ಟ್ರನ್ನು ಮೀರಿಸಿದವರಿಲ್ಲವೆಂಬುದನ್ನು ಆ ಮೂವರೂ ಒಪ್ಪುತ್ತಾರೆ; ಒಪ್ಪದಿದ್ದರೆ ಮೇಷ್ಟ್ರು ಬಿಡುವುದಿಲ್ಲ.

ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಬಂದು, ಗದ್ದೆಯು ಕಬ್ಬಾಗಿ, ಕಬ್ಬು ಕಾರ್ಖಾನೆಯ ಚೀಟಿಯಾಗಿ, ಆ ಚೀಟಿಯು ಮಗಳ ಇಂಜಿನಿಯರಿಂಗ್ ಕಾಲೇಜಿನ ಶುಲ್ಕವಾಗಿ, ಮಗಳು ಮದುವೆಯಾಗಿ ಟೆಕ್ಸಾಸಿನವಳೋ ನ್ಯೂಜೆರ್ಸಿಯವಳೋ ಆಗಿ, ಕಟ್ಟಕಡೆಗೆ ಅವಳು ಬಸುರಿಯೆಂಬ ವಾರ್ತೆ ವಾಟ್ಸಾಪಿನಲ್ಲಿ ತಲುಪುವವರೆಗಿನ ಇತಿಹಾಸದಲ್ಲಿ ಮೇಷ್ಟ್ರ ಪಾತ್ರವೇನೂ ಇರುವುದಿಲ್ಲ. ಆ ವಾರ್ತೆ ಬಂದ ಮರುದಿನ ಬೆಳಿಗ್ಗೆ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದ ದಂಪತಿಗಳು ಅವರ ಜಗುಲಿಯ ಮೇಲೆ ಕಾಣಿಸಿಕೊಳ್ಳುವುದರೊಂದಿಗೆ ಅವರ ಅಧ್ಯಾಯ ಆರಂಭವಾಗುತ್ತದೆ.

ಮೊದಲು ಅವರು ಮೂಲಮಂತ್ರವನ್ನು ಉಪದೇಶಿಸುತ್ತಾರೆ. ಅಮೆರಿಕದ 1952ರ ವಲಸೆ ಶಾಸನದ 214ನೆಯ ಪರಿಚ್ಛೇದದ ‘ಬಿ’ ಭಾಗದ ಪ್ರಕಾರ, ಪ್ರವಾಸಿ ವೀಸಾ ಬೇಡುವ ಪ್ರತಿಯೊಬ್ಬನನ್ನೂ ಅಲ್ಲಿಯೇ ನೆಲಸಲು ಹೊರಟವನೆಂದು ಭಾವಿಸತಕ್ಕದ್ದು. ಹಾಗಲ್ಲವೆಂದು ಸಾಧಿಸುವ ಹೊಣೆ ಬೇಡುವವನದು. ಇದನ್ನು ಕೇಳಿದ ರೈತನು, ತನ್ನ ಮೇಲೆ ಯಾರೋ ಕಳ್ಳತನದ ಫಿರ್ಯಾದು ಕೊಟ್ಟಿರುವರೆಂಬಂತೆ ಹೌಹಾರುತ್ತಾನೆ. ‘ನಾವ್ಯಾಕ್ ಸ್ವಾಮಿ ಅಲ್ಲಿರ್ತೀವಿ?’ ಎಂಬ ಅವನ ಪ್ರಶ್ನೆಗೆ ಮೇಷ್ಟ್ರ ಉತ್ತರ ಸಿದ್ಧವಾಗಿರುತ್ತದೆ: ‘ಅದು ನಂಗೊತ್ತು, ನಿಂಗೊತ್ತು. ಕಿಟಕಿ ಹಿಂದೆ ಕೂತೋನಿಗೆ ಗೊತ್ತಾಗಬೇಕಲ್ಲ, ದಾಖಲೆ ತಾ.’

ದಾಖಲೆಗಳೆಂದರೆ ಪಹಣಿ, ಮನೆಯ ಖಾತೆ, ನಿವೇಶನದ ಪತ್ರ, ಠೇವಣಿಯ ರಸೀದಿ, ಆದಾಯ ತೆರಿಗೆಯ ವಿವರ, ಆಸ್ತಿಗೆಲ್ಲ ಬೆಲೆ ಕಟ್ಟಿದ ಲೆಕ್ಕಪರಿಶೋಧಕರ ಪ್ರಮಾಣಪತ್ರ. ಪಹಣಿಯಲ್ಲಿ ವಿಘ್ನ ತಪ್ಪಿದ್ದಲ್ಲ. ಜಮೀನು ತಾತನ ಹೆಸರಿನಲ್ಲಿಯೇ ಇದ್ದು, ತಾತನು ಗತಿಸಿ ಎರಡು ತಲೆಮಾರು ಸಂದಿರುತ್ತದೆ. ಪೌತಿ ಖಾತೆಗೆ ಅರ್ಜಿ ಕೊಡಬೇಕಾದರೆ ವಂಶವೃಕ್ಷ ಬೇಕು. ವಂಶವೃಕ್ಷ ಬರೆಸಹೊರಟರೆ ಮಾತು ಬಿಟ್ಟ ಅಣ್ಣತಮ್ಮಂದಿರೆಲ್ಲರೂ ಒಂದು ಕಾಗದದ ಮೇಲೆ ಕೂಡಬೇಕು. ಮಗಳ ಹೆರಿಗೆಗೆ ಹೊರಟವರ ಮನೆಯಲ್ಲಿ ಹಿಸ್ಸೆಯ ಪಂಚಾಯಿತಿ ಆರಂಭವಾಗುವುದು ಹೀಗೆ. ನಲವತ್ತು ವರ್ಷದ ದಾಯಾದಿ ಜಗಳವೊಂದು ಹ್ಯೂಸ್ಟನ್ನಿನಲ್ಲಿ ಹುಟ್ಟಲಿದ್ದ ಮಗುವಿನ ದೆಸೆಯಿಂದ ಇತ್ಯರ್ಥವಾದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬ್ಯಾಂಕಿನಲ್ಲಿ ತೋರಿಸಬೇಕಾದ ಹಣದ ವಿಷಯದಲ್ಲಿ ಮೇಷ್ಟ್ರು ಕಟ್ಟುನಿಟ್ಟು. ಭಾವಮೈದುನನಿಂದ ಎರಡು ಲಕ್ಷ, ಷಡ್ಡಕನಿಂದ ಮೂರು ಲಕ್ಷ ಎರವಲು ತಂದು, ಹಿಂದಿನ ವಾರ ತುಂಬಿ, ವೀಸಾ ಆದ ಮರುವಾರ ತೆಗೆದುಕೊಡುವ ಜಾಣತನವನ್ನು ಅವರು ಸಹಿಸುವುದಿಲ್ಲ. ಹಣವೂ ಉಪ್ಪಿನಕಾಯಿಯಂತೆ ಕೆಲವು ತಿಂಗಳು ಭರಣಿಯಲ್ಲಿ ಕುಳಿತು ಮಾಗಬೇಕೆಂಬುದು ಅವರ ಮತ.

ಅರ್ಜಿಯಲ್ಲಿ ಜನ್ಮದಿನಾಂಕ ತುಂಬುವ ಹೊತ್ತಿನಲ್ಲಿ ಮಾತ್ರ ಅವರ ಮುಖದಲ್ಲಿ ಒಂದು ವಿಲಕ್ಷಣವಾದ ಕಿರುನಗೆ ಮೂಡುತ್ತದೆ. ಪಾಸ್‌ಪೋರ್ಟಿನಲ್ಲಿರುವ ಆ ದಿನಾಂಕದ ಮೂಲ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅಂಕಪಟ್ಟಿಯ ಮೂಲ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ. ಆ ಪುಸ್ತಕದ ಮೂಲ, ಜೂನ್ ತಿಂಗಳ ಮಳೆಯಲ್ಲಿ ಮಗುವಿನ ಕೈ ಹಿಡಿದು ಬಂದ ತಂದೆಯನ್ನು ‘ಯಾವಾಗ ಹುಟ್ಟಿದ್ದು?’ ಎಂದು ಕೇಳಲಾಗಿ, ‘ನಮ್ ಕೆಂದ ಹೋರಿ ತಂದ ವರ್ಷ’ ಎಂಬ ಉತ್ತರವನ್ನು ಪಡೆದು, ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸಿ ನೋಡಿ, ವಯಸ್ಸನ್ನು ಅಂದಾಜಿನಿಂದ ನಿಶ್ಚಯಿಸಿದ ಇದೇ ಮೇಷ್ಟ್ರು. ಅವರು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ತರುಣ. ದಾಖಲಾತಿಗೆ ಅನುಕೂಲವಾಗಲೆಂದು ಬಹುಮಟ್ಟಿಗೆ ಎಲ್ಲರನ್ನೂ ಮೇ ಕೊನೆಗೋ ಜೂನ್ ಮೊದಲಿಗೋ ಹುಟ್ಟಿಸಿದ್ದರು. ಅವರ ಶಿಷ್ಯರ ಪೈಕಿ ಅಮೆರಿಕಕ್ಕೆ ಹೋದವರೆಲ್ಲರಿಗೂ ಆ ಹದಿನೈದು ದಿನಗಳಲ್ಲಿಯೇ ಹುಟ್ಟುಹಬ್ಬ. ಮೊಮ್ಮಕ್ಕಳು ಕೇಕು ತಂದು ಮೇಣದ ಬತ್ತಿ ಹಚ್ಚಿದಾಗ ಈ ಅಜ್ಜಂದಿರು ಊದಿ ಆರಿಸುತ್ತಿರುವುದು ಮೇಷ್ಟ್ರ ಅಂದಾಜನ್ನು.

ಅರ್ಜಿಯ ನಮೂನೆ ಡಿಎಸ್-160 ಎಂಬುದು ಅವರಿಗೆ ಕಂಠಪಾಠ. ಇಪ್ಪತ್ತು ನಿಮಿಷ ಸುಮ್ಮನೆ ಕುಳಿತರೆ ಕಂಪ್ಯೂಟರು ಬಾಗಿಲು ಹಾಕಿಕೊಳ್ಳುವುದರಿಂದ, ನೆರೆಮನೆಯ ಹುಡುಗನು ಟೈಪು ಮಾಡುತ್ತಿರುವಾಗ ಯಾರೂ ಎಲೆಯಡಿಕೆಗೆ ಏಳಕೂಡದೆಂದು ಅವರ ಆಜ್ಞೆ. ಉಪನಾಮವಿಲ್ಲದ ನಮ್ಮವರ ಹೆಸರುಗಳು ಅಲ್ಲಿ ಪಡುವ ಪಾಡು ಒಂದು ಬಗೆಯದಾದರೆ, ಪ್ರಶ್ನೆಗಳದು ಇನ್ನೊಂದು ಬಗೆ. ನೀವು ಭಯೋತ್ಪಾದಕರೆ, ಬೇಹುಗಾರಿಕೆ ಮಾಡುವಿರಾ, ನರಮೇಧದಲ್ಲಿ ಭಾಗವಹಿಸಿರುವಿರಾ ಎಂದು ಅರ್ಜಿಯು ಕ್ರಮವಾಗಿ ಕೇಳುತ್ತ ಹೋದಾಗ, ಊರ ಜಾತ್ರೆಯಲ್ಲಿ ಕುರಿ ಕಡಿಯುವುದನ್ನೂ ನೋಡಲಾರದ ಆ ಸಾಧ್ವಿಯು ಸೆರಗಿನಿಂದ ಬಾಯಿ ಮುಚ್ಚಿಕೊಂಡು ‘ಅಯ್ಯೋ ಶಿವನೇ’ ಎನ್ನುತ್ತಾಳೆ. ನೀವು ಯಾವುದಾದರೂ ಕುಲಕ್ಕೆ ಅಥವಾ ಬುಡಕಟ್ಟಿಗೆ ಸೇರಿದವರೇ ಎಂಬ ಪ್ರಶ್ನೆ ಬಂದಾಗಲಂತೂ ಗಂಡನಿಗೆ ಎಲ್ಲಿಲ್ಲದ ಉತ್ಸಾಹ. ಇಷ್ಟು ಹೊತ್ತಿಗೆ ತನಗೆ ತಿಳಿದ ವಿಷಯವೊಂದು ಬಂತಲ್ಲಾ ಎಂದು ಒಕ್ಕಲಿಗರಲ್ಲಿ ಗಂಗಡಿಕಾರರು, ಅವರಲ್ಲಿ ಇಂಥ ಬೆಡಗು, ಮನೆದೇವರು ಇಂಥದು ಎಂದು ಅವನು ಸವಿಸ್ತಾರವಾಗಿ ನಿರೂಪಿಸತೊಡಗುತ್ತಾನೆ. ಮೇಷ್ಟ್ರು ಕೈಯೆತ್ತಿ ತಡೆದು, ‘ಇಲ್ಲ ಅಂತ ಒತ್ತೋ’ ಎಂದು ಹುಡುಗನಿಗೆ ಅಪ್ಪಣೆ ಮಾಡುತ್ತಾರೆ. ಮದುವೆಯ ಮಾತುಕತೆಯಲ್ಲಿ ಗಂಟೆಗಟ್ಟಲೆ ಜಾಲಾಡುವ ವಿಷಯವೊಂದು ಒಂದು ಬೆರಳೊತ್ತಿಗೆ ಇಲ್ಲವಾಗುವುದು ನಮ್ಮ ಜಿಲ್ಲೆಯಲ್ಲಿ ಬಹುಶಃ ಇಲ್ಲಿ ಮಾತ್ರ.

ಬಜೆಟ್ಟಿನ ಪ್ರಕರಣವೂ ಸಣ್ಣದಲ್ಲ. ಟಿಕೆಟ್ಟು ಮಗಳದು, ವಿಮೆ ಅಳಿಯನದು, ಅಲ್ಲಿಯ ಊಟ ವಸತಿ ಇಬ್ಬರದು. ಆದರೂ ಮೇಷ್ಟ್ರು ಆರು ತಿಂಗಳ ಆಯವ್ಯಯವನ್ನು ಗೆರೆ ಎಳೆದ ಉದ್ದನೆಯ ಪುಸ್ತಕದಲ್ಲಿ ಬರೆಸದೆ ಬಿಡರು. ಡಾಲರನ್ನು ರೂಪಾಯಿಗೆ ಪರಿವರ್ತಿಸಿದರೆ ರೈತನಿಗೆ ಎದೆಗೆ ತಾಕುವುದಿಲ್ಲವೆಂದು ಅವರು ಅದನ್ನು ನೇರವಾಗಿ ಕಬ್ಬಿಗೆ ಪರಿವರ್ತಿಸುತ್ತಾರೆ. ವೀಸಾ ಶುಲ್ಕವು 2023ರ ಜೂನಿನಿಂದ ತಲೆಗೆ 185 ಡಾಲರು, ಗಂಡಹೆಂಡಿರಿಗೆ 370. ಡಾಲರಿಗೆ 85 ರೂಪಾಯಿಯಂತೆ ಹಿಡಿದು, 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಟನ್ನಿಗೆ 3,400 ರೂಪಾಯಿಯಿಂದ ಭಾಗಿಸಿದರೆ, ಕಟಾವು ಸಾಗಣೆ ಕಳೆಯದೆಯೇ ಒಂಬತ್ತು ಟನ್ನಿನ ಮೇಲಾಯಿತು. ‘ವೀಸಾ ಕೊಡದಿದ್ರೆ ದುಡ್ ವಾಪಸ್ ಕೊಟ್ಟಾರಾ?’ ಎಂದು ರೈತ ಕೇಳುತ್ತಾನೆ. ಇಲ್ಲವೆಂದಾಗ, ಲಾರಿ ತುಂಬಿದ ಕಬ್ಬು ತೂಕದ ಸೇತುವೆಯ ಮೇಲೆ ನಿಂತಿದ್ದಂತೆಯೇ ಕಣ್ಣೆದುರಿಗೆ ಮಾಯವಾದುದನ್ನು ಕಂಡವನ ಹಾಗೆ ಅವನು ಸುಮ್ಮನಾಗುತ್ತಾನೆ.

ದೈವಸಹಾಯದಲ್ಲಿಯೂ ಮೇಷ್ಟ್ರು ಮಿತವ್ಯಯಿಗಳು. ಹೈದರಾಬಾದಿನ ಬಳಿಯ ಚಿಲುಕೂರಿನ ಬಾಲಾಜಿಗೆ ವೀಸಾ ಬಾಲಾಜಿಯೆಂದೇ ಖ್ಯಾತಿ. ಹರಕೆಗೆ 11 ಪ್ರದಕ್ಷಿಣೆ, ಕಾರ್ಯವಾದ ಮೇಲೆ 108. ಮಂಡಿನೋವಿನ ದಂಪತಿಗಳಿಗೆ ಇದು ಆಗದ ಮಾತೆಂದೂ, ರೈಲು ಖರ್ಚು ಬೇರೆಯೆಂದೂ ಲೆಕ್ಕಹಾಕಿ, ಅವರು ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ನಿಮಿಷಾಂಬೆಯನ್ನು ಶಿಫಾರಸು ಮಾಡುತ್ತಾರೆ. ಸಂದರ್ಶನ ನಡೆಯುವುದೇ ಒಂದೆರಡು ನಿಮಿಷ. ನಿಮಿಷದಲ್ಲಿ ಇಷ್ಟಾರ್ಥ ನೆರವೇರಿಸುವ ದೇವಿಯು ಬಸ್ಸಿನ ದೂರದಲ್ಲಿರುವಾಗ ಪರರಾಜ್ಯದ ದೇವರಿಗೆ ತೊಂದರೆ ಕೊಡುವುದೇಕೆ?

ಸಂದರ್ಶನದ ತಾಲೀಮು ಅವರ ಮನೆಯ ಬೀದಿಬದಿಯ ಕಿಟಕಿಯಲ್ಲಿ. ಒಳಗೆ ಮೇಷ್ಟ್ರು ಅಮೆರಿಕದ ಅಧಿಕಾರಿಯಾಗಿ ಕುರ್ಚಿಯಲ್ಲಿ ಕೂರುವರು. ಹೊರಗೆ, ಸರಳುಗಳ ಆಚೆ, ಅರ್ಜಿದಾರರು ನಿಲ್ಲಬೇಕು. ಕಿಕ್ಕೇರಿಯ ಕಡೆಯಿಂದ ಬಂದಿದ್ದ ದಂಪತಿಗಳ ತಾಲೀಮನ್ನು ನೋಡುವ ಭಾಗ್ಯ ನನ್ನದಾಗಿತ್ತು.

‘ಯಾಕೆ ಹೋಗ್ತಾ ಇದ್ದೀರಿ?’

‘ಮಗಳ ಬಾಣ್ತನಕ್ಕೆ ಸ್ವಾಮಿ’ ಎಂದಳು ಆಕೆ.

‘ಬಾಣಂತನ ಅನ್ನಬಾರದು ತಾಯಿ. ಅವರು ಅದನ್ನ ಕೆಲಸ ಅಂತ ತಿಳ್ಕೋತಾರೆ. ಮಗಳನ್ನ ನೋಡ್ಕೊಂಡು ಬರೋಕೆ ಅನ್ನಬೇಕು.’

‘ಸುಮ್ಕೆ ನೋಡ್ಕಂಡ್ ಕೂತ್ಕಳಕೆ ಅಷ್ಟ್ ದೂರ ಹೋಗ್ಬೇಕಾ? ಮಗೀಗೆ ನೀರು ಹುಯ್ಯೋರ್ಯಾರು?’

ಮೇಷ್ಟ್ರು ಅಡಿಕೋಲಿನಿಂದ ಕಿಟಕಿಯ ದಂಡೆಯನ್ನು ಕುಟ್ಟಿ ಮುಂದಿನ ಪ್ರಶ್ನೆಗೆ ಹೋದರು. ‘ಎಷ್ಟು ದಿನ ಇರ್ತೀರಿ?’

ಗಂಡನು ಕಲಿಸಿದ ಪಾಠದಂತೆ ‘ಆರು ತಿಂಗಳು’ ಎನ್ನುವಷ್ಟರಲ್ಲಿ ಆಕೆಯು ಅವನ ಕಡೆ ತಿರುಗಿದಳು. ‘ಆರ್ ತಿಂಗ್ಳಾ? ಹಸ ಗಬ್ಬ ಆಗದೆ. ಶಿವರಾತ್ರಿ ಹೊತ್ಗೆ ಈಯ್ತದೆ. ಆಮೇಲೆ ಒಂದ್ ದಿಸ ಇದ್ರೂ ನನ್ ಕೇಳಿ.’

ಇದು ಅಸಂಬದ್ಧವೆಂದು ಮೇಷ್ಟ್ರು ಸಿಡುಕಿದರು. ಆದರೆ ನನಗೆ ತೋರುವಂತೆ, 214ನೆಯ ಪರಿಚ್ಛೇದವು ಹುಟ್ಟಿದ ಲಾಗಾಯ್ತು ಅದಕ್ಕೆ ಇಷ್ಟು ಪರಿಪೂರ್ಣವಾದ ಉತ್ತರವನ್ನು ಯಾವ ವಕೀಲನೂ ಕೊಟ್ಟಿರಲಾರ.

ಹದಿನೈದು ದಿನ ಗುದ್ದಲಿ ಮುಟ್ಟಕೂಡದು, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಸವೆದ ಬೆರಳಚ್ಚು ಯಂತ್ರಕ್ಕೆ ಸಿಕ್ಕದೆಂಬ ಕಟ್ಟಪ್ಪಣೆಯೊಂದಿಗೆ ಅವರನ್ನು ಚೆನ್ನೈನಲ್ಲಿ ನಡೆಯುವ ಸಂದರ್ಶನಕ್ಕೆ ಮಂಡ್ಯದಲ್ಲಿ ಕಾವೇರಿ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿ ಕಳಿಸಿದ್ದಾಯಿತು. ಚೆನ್ನೈನಿಂದ ಮರಳಿದವರು ಸಕ್ಕರೆಯನ್ನೂ ಸಮಾಚಾರವನ್ನೂ ತಂದರು. ಅಧಿಕಾರಿಯು ಮಗಳು ಏನು ಮಾಡುತ್ತಾಳೆಂದು ಕೇಳಿ, ಗಂಡನ ಉದ್ಯೋಗ ಕೇಳಿ, ಪಾಸ್‌ಪೋರ್ಟನ್ನು ಒಳಗಿಟ್ಟುಕೊಂಡನಂತೆ. ಫೈಲು ತೆರೆಯಲೇ ಇಲ್ಲವಂತೆ. ಮೇಷ್ಟ್ರ ಮುಖ ಬಾಡಿತು. ‘ಪಹಣಿ ಕೇಳಲಿಲ್ಲವೆ? ಪೌತಿ ಖಾತೆ?’ ಇಲ್ಲ, ಇಲ್ಲ. ತುಸು ಹೊತ್ತು ಚಿಂತಿಸಿ ಅವರು ತೀರ್ಪಿತ್ತರು: ‘ಫೈಲಿನ ದಪ್ಪ ನೋಡಿಯೇ ಒಪ್ಪಿದಾನೆ.’

ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನನು 1786ರಲ್ಲಿ ಕಾನ್‌ಸ್ಟಾಂಟಿನೋಪಲಿಗೆ ರಾಯಭಾರ ಕಳಿಸಿದಾಗ ಗಂಧ ಮೆಣಸುಗಳನ್ನು ಹಡಗಿಗೆ ತುಂಬಿ, ಮಾರಿ ಖರ್ಚು ನೀಗಿಸಿಕೊಳ್ಳಿರೆಂದು ವಿಧಿಸಿದ್ದನೆಂದೂ, 1788ರಲ್ಲಿ ಇನ್ನೊಂದು ನಿಯೋಗವು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡಿತೆಂದೂ ನಾನು ಹೇಳಿದರೆ, ಮೇಷ್ಟ್ರ ಕುತೂಹಲವೆಲ್ಲ ಅವರಿಗೆ ಎಷ್ಟು ತಿಂಗಳ ಮುದ್ರೆ ಒತ್ತಿದ್ದರೆಂಬುದರಲ್ಲಿ. ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರೇ ಆದ ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ಯನ್ನು ಒಮ್ಮೆ ಅವರ ಕೈಗಿತ್ತೆ. ಪುಟ ತೆರೆಯುವ ಮುನ್ನವೇ, ‘ಇದರಲ್ಲಿ ಸ್ಲಾಟ್ ಬುಕ್ ಮಾಡೋ ವಿಚಾರ ಇದೆಯೆ?’ ಎಂದರು. ಮೇಷ್ಟ್ರೂ ಮಗನ ಮನೆಗೆಂದು ಎಡಿಸನ್ನಿಗೆ ಹೋಗಿ ಬಂದವರೇ. ಅಮೆರಿಕ ಹೇಗಿದೆ ಎಂದರೆ, ವಿಮಾನ ನಿಲ್ದಾಣದ ಸಾಲು, ಅಧಿಕಾರಿಯ ಪ್ರಶ್ನೆ, ಬೆರಳಚ್ಚಿನ ಯಂತ್ರ, ಆರು ತಿಂಗಳ ಅನುಮತಿ, ಇಷ್ಟನ್ನು ರೋಮಾಂಚನವಾಗುವಂತೆ ವರ್ಣಿಸಿ ನಿಲ್ಲಿಸುತ್ತಾರೆ. ಆ ಅನುಮತಿಯಲ್ಲಿ ಅರ್ಧವನ್ನೂ ಮುಗಿಸದೆ ಮೂರನೆಯ ತಿಂಗಳಿಗೆ ಹಿಂತಿರುಗಿದ್ದರು. ಚಳಿಯೆಂಬುದು ಅವರು ಕೊಡುವ ಕಾರಣ. ಬೆಳಗಾಗೆದ್ದು ಬಾಗಿಲು ತೆರೆದರೆ ಅಲ್ಲಿ ಚೀಲ ಹಿಡಿದು ನಿಂತವರೊಬ್ಬರೂ ಇರುತ್ತಿರಲಿಲ್ಲವೆಂಬುದು ಅವರ ಮನೆಯವರ ಅಭಿಪ್ರಾಯ. ಹತ್ತು ವರ್ಷದ ವೀಸಾ ಪಾಸ್‌ಪೋರ್ಟಿನಲ್ಲಿ ಹಾಗೆಯೇ ಇದೆ. ಮಗ ಪ್ರತಿ ವಾರ ಕರೆಯುತ್ತಾನೆ. ಇವರು ‘ಮುಂದಿನ ವರ್ಷ’ ಎನ್ನುತ್ತಾರೆ.

ಈಚೆಗೆ ಅವರಿಗೊಂದು ವ್ಯಾಕುಲ ಹತ್ತಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಅಮೆರಿಕದ ಕಾನ್ಸುಲೇಟು ಉದ್ಘಾಟನೆಯಾಯಿತೆಂಬ ಸುದ್ದಿಯನ್ನು ಓದಿ, ನಾಳೆ ಸಂದರ್ಶನವೂ ಅಲ್ಲಿಗೇ ಬಂದರೆ, ಮೊಬೈಲು ಎಲ್ಲಿಡಬೇಕು, ಯಾವ ಛತ್ರದಲ್ಲಿ ಇಳಿಯಬೇಕು, ಆಟೋದವನಿಗೆ ತಮಿಳಿನಲ್ಲಿ ಏನೆನ್ನಬೇಕು ಎಂಬ ತಮ್ಮ ಚೆನ್ನೈ ಕಾಂಡವೆಲ್ಲ ವ್ಯರ್ಥವಾಗುವುದಲ್ಲಾ ಎಂದು ಮಂಕಾಗಿದ್ದರು. ಆ ಹೊತ್ತಿಗೆ ನಾಗಮಂಗಲದಿಂದ ಒಬ್ಬರು ಬಂದರು, ಮಗ ಕೆನಡಾದಲ್ಲಿ. ಅಲ್ಲಿ ತಂದೆತಾಯಿಗಳಿಗೆ ಸೂಪರ್ ವೀಸಾ ಎಂಬುದೊಂದುಂಟಂತೆ, ಒಂದು ಸಲ ಹೋದರೆ ಐದು ವರ್ಷ ಇರಬಹುದಂತೆ, ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕಂತೆ, ಮಗನ ವರಮಾನಕ್ಕೆ ಪುರಾವೆ ಬೇಕಂತೆ, ವೈದ್ಯಕೀಯ ತಪಾಸಣೆ ಬೇರೆಯಂತೆ.

ಐದು ವರ್ಷವೆಂಬ ಮಾತು ಮೇಷ್ಟ್ರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ‘ಏನೇನು ಕಾಗದ ಬೇಕು ಅಂದಿರಿ, ಇನ್ನೊಂದ್ಸಲ ಹೇಳಿ’ ಎಂದವರೇ ಕನ್ನಡಕ ಒರೆಸಿಕೊಂಡು, ಹೊಸದೊಂದು ಬಾಕ್ಸ್ ಫೈಲು ತರಲು ನೆರೆಮನೆಯ ಹುಡುಗನನ್ನು ಅಂಗಡಿಗೆ ಅಟ್ಟಿದರು.