ಗೋರಿಕಲ್ಲುಗಳ ವರ್ಗಾವಣೆ

ಸತ್ತ ಮೇಲಾದರೂ ಮನುಷ್ಯನ ವಿಳಾಸ ಬದಲಾಗದು ಎಂಬ ನಂಬಿಕೆ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯಲ್ಲಿ ನಿಲ್ಲುವುದಿಲ್ಲ. 1758–59ರ ಮುತ್ತಿಗೆಯಲ್ಲಿ ಫ್ರೆಂಚ್ ಸೈನಿಕರು ಇಂಗ್ಲಿಷರ ಹಳೆಯ ಸ್ಮಶಾನದ ಗೋರಿಗಳನ್ನೇ ಮರೆಯಾಗಿಸಿಕೊಂಡು ಹೋರಾಡಿದ್ದರಿಂದ, ಇಂಗ್ಲಿಷರು ಆಮೇಲೆ ಅವುಗಳನ್ನು ಕೆಡವಿ, ಬರಹವಿದ್ದ ಕಲ್ಲುಗಳನ್ನಷ್ಟೇ ತಂದು ಕೋಟೆಯೊಳಗಿನ 1680ರ ಸೇಂಟ್ ಮೇರಿ ಚರ್ಚಿನ ಅಂಗಳಕ್ಕೆ ಹಾಸಿದರು. ಮುಂದೆ ಹೈದರಾಲಿಯ ಭಯ ಹುಟ್ಟಿದಾಗ ಕೆಲವು ಕಲ್ಲುಗಳು ಫಿರಂಗಿ ಕೂರಿಸುವ ಕೆಲಸಕ್ಕೂ ಹೋದವಂತೆ, ಅಂದರೆ ಮೈಸೂರಿನ ದಂಡು ಮದ್ರಾಸಿನ ಸತ್ತವರ ನಿದ್ದೆಯನ್ನೂ ಕೆಡಿಸಿತು.

ಆ ಹಳೆಯ ಸ್ಮಶಾನದ ಜಾಗದಲ್ಲಿ, ಹೈಕೋರ್ಟಿನ ಪಕ್ಕ, ಕೆಡವದೆ ಉಳಿಸಿದ ಗೋರಿಯಲ್ಲಿ ಗವರ್ನರ್ ಎಲಿಹು ಯೇಲನ ಎಳೆಯ ಮಗನೂ ಯೇಲನ ಹೆಂಡತಿಯ ಮೊದಲ ಗಂಡ ಜೋಸೆಫ್ ಹಿನ್ಮರ್ಸನೂ ಜೊತೆಗಿರುವುದರಿಂದ, ವಂಶವೃಕ್ಷ, ಎಂದರೆ ಯಾರು ಯಾರ ಸಂತಾನವೆಂಬ ನಕ್ಷೆ, ಬರೆಯುವವರು ಇಲ್ಲಿ ಪೆನ್ಸಿಲ್ಲನ್ನೇ ಹಿಡಿಯುವುದು ಕ್ಷೇಮ.

ಮದ್ರಾಸಿನ ಗೋರಿಬರಹಗಳ ಪಟ್ಟಿಯನ್ನು ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲೇ ಪುಸ್ತಕವಾಗಿಸಿದ್ದನು. ಈಗ ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಸ್ವಯಂಸೇವಕರು ಇಂಥ ಜನನ, ಮದುವೆ, ಮರಣದ ದಾಖಲೆಗಳನ್ನು ನಕಲು ಮಾಡಿ ಅಂತರಜಾಲಕ್ಕೇರಿಸುತ್ತಾರೆ. ಅವರನ್ನು ನೋಡಿಯಾದರೂ, ಶ್ರಾದ್ಧದ ದಿನ ಮುತ್ತಜ್ಜನ ಹೆಸರು ಕೇಳಿದರೆ ಪುರೋಹಿತರ ಮುಖವನ್ನೇ ನೋಡುವ ಕನ್ನಡಿಗರು, ಅಜ್ಜಿ ಬದುಕಿರುವಾಗಲೇ ಒಂದು ನೋಟ್‌ಬುಕ್ ಹಿಡಿದು ಆಕೆಯ ಮುಂದೆ ಕೂರುವುದು ಒಳ್ಳೆಯದು.