ನೀಹಾರಾಲೋಕ: ಘಟ್ಟದ ಮಂಜಿನ ಫೋಟೊ ಕುರಿತು ಶಾಸ್ತ್ರೀಯ ಜಿಜ್ಞಾಸೆ

ಉಪೋದ್ಘಾತ

ವಸ್ತು ಕಾಣಿಸದಿರುವುದನ್ನೇ ಗುಣವೆಂದು ಎಣಿಸುವ ಏಕಮಾತ್ರ ದೃಶ್ಯಕಲೆ ಮಂಜಿನ ಛಾಯಾಚಿತ್ರಣ. ಕಾವ್ಯದ ಆತ್ಮ ಧ್ವನಿ ಎಂದು ಆನಂದವರ್ಧನ ಒಂಬತ್ತನೆಯ ಶತಮಾನದಲ್ಲೇ ಸಾಧಿಸಿ ತೋರಿಸಿದ. ಆದರೆ ಕಾಶ್ಮೀರದವನಾಗಿಯೂ, ಅಂದರೆ ಬೇಕಾದಷ್ಟು ಮಂಜು ಕಂಡವನಾಗಿಯೂ, ಬೆಟ್ಟದ ಆತ್ಮ ಅದರ ಅದೃಶ್ಯತೆ ಎಂಬ ಮುಂದಿನ ಮಾತು ಅವನಿಗೆ ಹೊಳೆಯಲಿಲ್ಲ. ಆ ಕೊರತೆಯನ್ನು ವಾರಾಂತ್ಯದ ಫೋಟೊ ಕಾರ್ಯಾಗಾರಗಳ ಗುರುಗಳು ಊಟ, ವಸತಿ, ಕ್ಯಾಂಪ್‌ಫೈರ್ ಸಹಿತ ತುಂಬಿಕೊಡುತ್ತಿದ್ದಾರೆ. ಅವರ ಉಪದೇಶಗಳನ್ನು ಒದ್ದೆ ಸಾಕ್ಸಿನಲ್ಲಿ ನಿಂತು ಕೇಳಿಸಿಕೊಂಡದ್ದೇ ಪ್ರಸ್ತುತ ಪ್ರಬಂಧಕಾರನ ಅರ್ಹತೆ.

ಪ್ರಬಂಧದ ವ್ಯಾಪ್ತಿ ಕಡಲಿಗೆ ಮುಖ ಮಾಡಿದ ಘಟ್ಟ: ಕೊಡಚಾದ್ರಿ, ಆಗುಂಬೆ, ಕುದುರೆಮುಖ, ಚಾರ್ಮಾಡಿ, ಕುಮಾರಪರ್ವತ. ಮುಳ್ಳಯ್ಯನಗಿರಿ ಈ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಸೇರಿಸಲಾಗಿದೆ, ಇಲ್ಲವಾದರೆ ಯಾರೂ ಓದುವುದಿಲ್ಲ.

ಪರಿಭಾಷಾ ಪ್ರಕರಣ

ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ಮಂಜು ಎನ್ನುತ್ತಾರೆ ಹವಾಮಾನದವರು. ಇದು ಸ್ಥೂಲದೃಷ್ಟಿ. ಪಕ್ಕದ ರೆಸಾರ್ಟಿನ ನೀರಿನ ಟ್ಯಾಂಕು ಕಾಣದಂತಾದ ಕ್ಷಣದಿಂದ ಮಂಜು ಆರಂಭವಾಗುತ್ತದೆ ಎಂಬುದು ಗುರುಮತ. ಆ ಸ್ಥಿತಿಗೆ ‘ದೃಶ್ಯಮೌನ’ ಎಂದು ಹೆಸರು. ಮೌನದ ಬಗ್ಗೆ ಗುರುಗಳು ಊಟದವರೆಗೆ ಮಾತಾಡುತ್ತಾರೆ.

ಅರಬ್ಬಿ ಸಮುದ್ರದ ತೇವ ಹೊತ್ತ ಗಾಳಿ ಘಟ್ಟಕ್ಕೆ ಬಂದು ತಡೆದು, ಮೇಲಕ್ಕೇರಿ, ಏರಿದಂತೆ ತಣಿದು ಹನಿಗಟ್ಟುತ್ತದೆ. ಆಷಾಢದಲ್ಲಿ ಕೊಡಚಾದ್ರಿಯ 1,343 ಮೀಟರ್ ಎತ್ತರದ ನೆತ್ತಿಯಲ್ಲಿ ನಿಂತವನ ಕನ್ನಡಕ ಒದ್ದೆ ಮಾಡುವುದು ಸಾಕ್ಷಾತ್ ಮೋಡವೇ. ಮಾಗಿಯದು ಬೇರೆ ಕಥೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಕಾವು ಕಳೆದುಕೊಂಡು, ತಣ್ಣನೆಯ ಗಾಳಿ ಜಾರಿ ಕಣಿವೆಯಲ್ಲಿ ನಿಂತು, ಬೆಳಿಗ್ಗೆ ಬೆಟ್ಟದ ತಲೆಗಳಷ್ಟೇ ಮೇಲೆ ಉಳಿಯುತ್ತವೆ. ಇವೆರಡರ ಹುಟ್ಟು ಬೇರೆ, ವರ್ತನೆ ಬೇರೆ. ಕಾರ್ಯಾಗಾರದ ಶುಲ್ಕ ಮಾತ್ರ ಒಂದೇ ಆದ್ದರಿಂದ ಶಾಸ್ತ್ರ ಅವನ್ನು ಒಂದೇ ಎಂದು ಪರಿಗಣಿಸಿದೆ.

ತಂತ್ರದ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಎದುರಿಗಿರುವ ಎಲ್ಲವನ್ನೂ ನಡುಬೂದು ಬಣ್ಣವೆಂದು ಅಳೆಯುವ ಕ್ಯಾಮೆರಾ ಬಿಳಿ ಮಂಜನ್ನು ಬೂದಿ ಮಾಡಿಬಿಡುತ್ತದೆ, ಆದ್ದರಿಂದ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಬೇಕು. ಗಾಢ-ತಿಳಿಗಳ ವ್ಯತ್ಯಾಸ ಸಿಗದೆ ಆಟೋಫೋಕಸ್ ಹಿಂದಕ್ಕೂ ಮುಂದಕ್ಕೂ ಗೊಣಗುತ್ತದೆ, ಆದ್ದರಿಂದ ಕೈಯಲ್ಲೇ ತಿರುಗಿಸಬೇಕು. ಇಷ್ಟನ್ನೇ ಗುರುಗಳು ‘ಅನಿಶ್ಚಯದೊಡನೆ ಅನುಸಂಧಾನ’ ಎಂಬ ಶೀರ್ಷಿಕೆಯಲ್ಲಿ ಬೆಳಗಿನ ಅಧಿವೇಶನವಿಡೀ ಹೇಳಿದರು. ಕೊನೆಗೆ ಯಾರೋ ಲೆನ್ಸಿಗೆ ಬೂಷ್ಟು ಬಂದರೆ ಏನು ಮಾಡಬೇಕು ಎಂದು ಕೇಳಿದಾಗ, ಅದು ವ್ಯಾಪಾರಿ ಪ್ರಶ್ನೆ ಎಂದು ತಳ್ಳಿಹಾಕಿದರು. ಈ ಘಟ್ಟದಲ್ಲಿ ಕ್ಯಾಮೆರಾ ಇಟ್ಟುಕೊಂಡವನಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ. (ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.)

ವರ್ಗೀಕರಣ ಪ್ರಕರಣ

ಮಂಜಿನ ಚಿತ್ರಗಳು ನವವಿಧ.

ಮೊದಲನೆಯದು ಏಕವೃಕ್ಷಕ. ಒಂದೇ ಮರ, ಸುತ್ತ ಬಿಳಿ. ಮರದ ಜಾತಿ ಗೊತ್ತಿರಬಾರದು. ನೇರಳೆಯೋ ನಂದಿಯೋ ಎಂದು ತಿಳಿದ ಕ್ಷಣ ಚಿತ್ರದ ಸಾರ್ವತ್ರಿಕತೆಗೆ ಭಂಗ.

ಎರಡನೆಯದು ಪೃಷ್ಠದರ್ಶಿ. ಬಂಡೆಯ ಮೇಲೆ ನಮಗೆ ಬೆನ್ನು ಹಾಕಿ ಮಂಜು ನೋಡುವ ಮನುಷ್ಯ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್ ಸುಮಾರು 1818ರಲ್ಲಿ ಇವನನ್ನು ಚಿತ್ರಿಸಿದ ಮೇಲೆ ಇವನು ಇನ್ನೂ ಈ ಕಡೆ ತಿರುಗಿಲ್ಲ. ನಮ್ಮಲ್ಲಿ ಹಳದಿ ರೇನ್‌ಕೋಟು ಹಾಕಿ ಎರಡೂ ಕೈ ಚಾಚಿರುತ್ತಾನೆ, ಹಿಂದೆ ಅದೇ ಬಂಡೆಗೆ ಸಾಲು ನಿಂತಿರುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದ ಸಾಲು ಎಷ್ಟು ಬೆಳೆಯಿತೆಂದರೆ ಚಾರಣವನ್ನೇ ನಿಲ್ಲಿಸಿ, ಮುಂಗಡ ಆನ್‌ಲೈನ್ ಅನುಮತಿಯ ಪದ್ಧತಿ ತರಬೇಕಾಯಿತು. ಆ ಸಾಲಿನ ಚಿತ್ರ ಯಾವ ಗುರುಗಳ ಪ್ರದರ್ಶನದಲ್ಲೂ ಕಾಣಲಿಲ್ಲ.

ಮೂರನೆಯದು ಗಿರಿಪಟಲ: ಒಂದರ ಹಿಂದೊಂದು ನೀಲಿ ಬೆಟ್ಟ. ನಾಲ್ಕನೆಯದು ವಕ್ರಪಥ: ಘಾಟಿಯ ತಿರುವು, ಕೆಂಪು ದೀಪದ ಗೆರೆ.

ಐದನೆಯದು ಶ್ರಮಿಕಛಾಯೆ. ಇದಕ್ಕೆ ಜೀವಂತ ಮನುಷ್ಯರು ಬೇಕು, ಮುಖ ಬೇಡ. ನಾನು ಕಂಡ ಪ್ರಯೋಗದಲ್ಲಿ ತಲೆಯ ಮೇಲೆ ಹಸಿಹುಲ್ಲಿನ ಹೊರೆ ಹೊತ್ತು ಒಬ್ಬ ಹೆಂಗಸು ಗುಡ್ಡದ ದಾರಿಯಲ್ಲಿ ಇಳಿಯುತ್ತಿದ್ದರು. ಗುರುಗಳು, ‘ಅಮ್ಮಾ, ಸ್ವಲ್ಪ ಹಿಂದಕ್ಕೆ ಹೋಗಿ ಇನ್ನೊಂದ್ಸಲ ಬನ್ನಿ’ ಎಂದರು. ಆಕೆ ಹಿಂದೆ ಹೋಗಿ ಬಂದರು. ‘ಇನ್ನೊಂದ್ಸಲ, ನಿಧಾನ.’ ಮತ್ತೆ ಬಂದರು. ಮೂರನೆಯ ಬಾರಿಗೆ, ‘ಹೊರೆ ಇಳಿಸಿ, ಮೊದಲು ಲೈಟ್ ನೋಡೋಣ’ ಎಂದಾಗ ಆಕೆ, ‘ಇಳಿಸಿದ್ರೆ ಮತ್ತೆ ಹೊರ್ಸಕ್ಕೆ ನೀವು ಬರ್ತೀರಾ ಮಾರಾಯ್ರೆ?’ ಎಂದು ಕೇಳಿ ಮನೆ ಕಡೆ ನಡೆದರು. ಎರಡನೆಯ ಬಾರಿಯ ಚಿತ್ರ ಪ್ರದರ್ಶನದ ಗೋಡೆ ಏರಿತು. ಶೀರ್ಷಿಕೆ ‘ಅನಂತದೆಡೆಗೆ’. ಕೆಳಗೆ ಕ್ಯಾಮೆರಾದ ಹೆಸರಿತ್ತು, ಲೆನ್ಸಿನ ಹೆಸರಿತ್ತು, ಎಫ್ 8, ಐಎಸ್‌ಒ 400 ಎಂದಿತ್ತು. ಆಕೆಯ ಹೆಸರಿರಲಿಲ್ಲ. ಕೇಳಿದವರೇ ಇಲ್ಲ. ಆಕೆ ಹೊರಟದ್ದು ಅನಂತದೆಡೆಗೂ ಅಲ್ಲ, ಕೊಟ್ಟಿಗೆಗೆ.

ಆರರಿಂದ ಒಂಬತ್ತರವರೆಗಿನ ವಿಧಗಳು ಮೊದಲ ನಾಲ್ಕರ ಕಪ್ಪು-ಬಿಳುಪು ಪ್ರತಿಗಳು. ಕೈಬಿಟ್ಟಿದ್ದೇನೆ.

ಗುಣದೋಷ ಪ್ರಕರಣ

‘ಕಳೆಯುವುದೇ ಕಲೆ’ ಎಂಬುದು ಸಂಪ್ರದಾಯದ ಮಹಾವಾಕ್ಯ. ಮಂಜು ಏನೇನು ಕಳೆಯುತ್ತದೆ? ವಿದ್ಯುತ್ ಕಂಬ, ತಂತಿ, ಹೋಮ್‌ಸ್ಟೇಯ ಕೆಂಪು ತಗಡು, ಜೆಸಿಬಿ ಕೆರೆದ ದರೆ. ಮಂಜು ಸಾಲದಿದ್ದರೆ ತಂತ್ರಾಂಶವಿದೆ. 2015ರಲ್ಲಿ ಲೈಟ್‌ರೂಮಿಗೆ ಬಂದ ಡಿಹೇಜ್ ಸ್ಲೈಡರನ್ನು ಬಲಕ್ಕೆ ಎಳೆದರೆ ಮಂಜು ಕರಗುತ್ತದೆ, ಎಡಕ್ಕೆ ಎಳೆದರೆ ಜಯನಗರ ನಾಲ್ಕನೇ ಬ್ಲಾಕೂ ಆಗುಂಬೆಯಾಗುತ್ತದೆ. ಎಲ್ಲರೂ ಹೀಗೆ ಎಡಕ್ಕೆ ಎಳೆದುಕೊಂಡು ಮನೆಯಲ್ಲೇ ಇದ್ದಿದ್ದರೆ ಘಟ್ಟಕ್ಕೆ ಎಷ್ಟೋ ಉಪಕಾರವಾಗುತ್ತಿತ್ತು.

ಇರಲಿಲ್ಲ. ‘ಗಾಳಿಪಟ’ ಸಿನಿಮಾ 2008ರಲ್ಲಿ ಬಂದ ಮೇಲೆ ಕೊಡಗಿನ ಮಾಂದಲ್‌ಪಟ್ಟಿ ಜನರ ಬಾಯಲ್ಲಿ ಮುಗಿಲುಪೇಟೆಯಾಯಿತು. ಹೆಸರಿನಲ್ಲಿದ್ದ ಪೇಟೆ ಆಮೇಲೆ ಜೀಪುಗಳ ರೂಪದಲ್ಲಿ ಬಂತು. ಶೋಲಾ ಕಾಡಿನ ಮೇಲಿನ ಆ ಹುಲ್ಲುಗಾವಲು ಖಾಲಿ ಜಾಗವಲ್ಲ. ಮಳೆಯನ್ನೂ ಮಂಜಿನ ಹನಿಯನ್ನೂ ಹಿಡಿದು, ನೆಲಕ್ಕೆ ಇಳಿಸಿ, ಬೇಸಗೆಯಲ್ಲಿ ಹಳ್ಳಕ್ಕೆ ಬಿಡುವುದು ಆ ಹುಲ್ಲು ಮತ್ತು ಕಾಡು. ತುಂಗೆ, ಭದ್ರೆ, ನೇತ್ರಾವತಿ ಇಂಥ ನೆಲದಿಂದಲೇ ಹೊರಡುತ್ತವೆ. ಚಿತ್ರದಲ್ಲಿ ಅದನ್ನು ‘ನೆಗೆಟಿವ್ ಸ್ಪೇಸ್’ ಎನ್ನುತ್ತಾರೆ.

ಇಲ್ಲಿ ಶಾಸ್ತ್ರದ ಭಾಷೆ ಬಿಡುತ್ತೇನೆ. ಬಿಡದೆ ಹಿಡಿದ ಮಳೆ, ನಡುನಡುವೆ ಮಂಜು, ಒಮ್ಮೊಮ್ಮೆ ಇಣುಕುವ ಬಿಸಿಲು: ಗುರುಗಳು ಸಂಭ್ರಮಿಸುವ ಆ ಹವೆಯೇ ಅಡಿಕೆಗೆ ಕೊಳೆ ಹತ್ತಿಸುವ ಹವೆ. ಎಳೆಕಾಯಿ ಕೊಳೆತು ಮರದ ಬುಡಕ್ಕೆ ಉದುರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಹೊಡೆದಿರಬೇಕು. ನಲವತ್ತು ದಿನ ಕಳೆದು ಮತ್ತೆ ಹೊಡೆಯಲು ಹೊಳವಾಗಬೇಕು, ಜಾರುವ ಮರ ಹತ್ತಲು ಆಳು ಸಿಗಬೇಕು. ಹೊಳವಾಗದೆ ಒಂದು ವಾರ ಮಂಜು ಕಟ್ಟಿ ನಿಂತರೆ ತೋಟದವನಿಗೆ ವರ್ಷದ ಲೆಕ್ಕ ತಲೆಕೆಳಗು. ಅದೇ ವಾರ ಕರೆಂಟಿಲ್ಲ, ಫೋನಿಲ್ಲ, ಹುಷಾರಿಲ್ಲದ ಅಜ್ಜಿಯನ್ನು ಕರೆದೊಯ್ಯಲು ಜೀಪು ಸಿಗುವುದಿಲ್ಲ, ಏಕೆಂದರೆ ಜೀಪುಗಳೆಲ್ಲ ವ್ಯೂ ಪಾಯಿಂಟಿಗೆ ಹೋಗಿವೆ.

ಮಂಜು ಕವಿದ ಗುಡ್ಡ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಜಾರಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ರಸ್ತೆಯ ಮೇಲೂ ಗಂಗಾವಳಿ ನದಿಗೂ ಬಿದ್ದು ಜನರನ್ನು ನುಂಗಿತು. ಕಡಿದ ದರೆ ಚಿತ್ರದಲ್ಲಿ ಕಾಣದೆ ಹೋಗುವುದರಿಂದ ಫೋಟೊ ತೆಗೆಯುವವನಿಗೆ ಒಂದು ಬಹುಮಾನ ಸಿಗಬಹುದು, ಅಷ್ಟೆ. ಕಡಿದವರಿಗೆ ಸಿಗುವ ಲಾಭ ದೊಡ್ಡದು. ಖಾಲಿ, ಅನಂತ, ಪರಿಶುದ್ಧ ಎಂದು ನಾವೇ ಚೌಕಟ್ಟು ಹಾಕಿ ತೋರಿಸಿದ ಬೆಟ್ಟದಲ್ಲಿ ಯಾರಿದ್ದಾರೆ, ಏನಾಗುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಮಂಜಿನ ಚಿತ್ರ ಬೇಡ ಎನ್ನುತ್ತಿಲ್ಲ. ಘಟ್ಟದ ಮಂಜು ನಿಜಕ್ಕೂ ಚೆಂದ, ಅದರೊಳಗೆ ಹುಟ್ಟಿದವರಿಗೂ ಚೆಂದವೇ. ಆದರೆ ಕಂಬವಿದ್ದರೆ ಕಂಬವಿರಲಿ, ಮನುಷ್ಯರಿದ್ದರೆ ಹೆಸರು ಕೇಳಿ ಬರೆದುಕೊಳ್ಳಿ.

ವಕ್ರಪಥ ವಿಧದ ಸಾಧಕರಿಗೆ ಒಂದು ಮಾತು. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವುಗಳಿವೆ. ಯಾವ ತಿರುವಿನಲ್ಲೂ ಕಾರು ನಿಲ್ಲಿಸಬೇಡಿ, ರಸ್ತೆಯ ಮೇಲೆ ಟ್ರೈಪಾಡ್ ಊರಬೇಡಿ. ಮೇಲಿನಿಂದ ಇಳಿದು ಬರುವ ಮಿನಿ ಬಸ್ಸಿನ ಡ್ರೈವರಿಗೆ ನೀವು ಕಾಣುವುದಿಲ್ಲ.